ಮಾವನ ಕೋವಿಯೂ ನನ್ನ ‘ಇನಿಮಿಕಲ್’ ಅರ್ಜಿಯೂ

ನನಗೆ ಇಂಗ್ಲಿಷ್ ಬರುತ್ತದೆ. ಇದು ನಾನು ಹೇಳಿಕೊಂಡದ್ದಲ್ಲ, ಸಿದ್ದಾಪುರದ ಪೇಟೆಯೇ ಹೇಳುತ್ತಿದ್ದ ಮಾತು. ಹೇಳುತ್ತಿದ್ದ ಎಂದೆ, ಹೇಳುವ ಎನ್ನಲಿಲ್ಲ. ಯಾಕೆಂದು ಹೇಳುತ್ತೇನೆ.

ನಾನು ಕನ್ನಡ ಶಾಲೆಯ ಮಾಸ್ತರ. ಕನ್ನಡ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು. ಅದರ ಮೇಲೆ ಶಿರಸಿಯಲ್ಲಿ ಇಂಗ್ಲಿಷ್ ಮೂರನೇ ಇಯತ್ತೆಯವರೆಗೆ ಕಲಿತವನು. ನಾಲ್ಕನೆಯದಕ್ಕೆ ನಾನೇ ಹೋಗಲಿಲ್ಲವೋ, ಅದೇ ನನ್ನನ್ನು ಸೇರಿಸಿಕೊಳ್ಳಲಿಲ್ಲವೋ, ಆ ಚರ್ಚೆ ಈಗ ಬೇಡ. ಪೇಟೆಯಲ್ಲಿ ಯಾರಿಗಾದರೂ ತಂತಿ ಬಂದರೆ ನನ್ನ ಹತ್ತಿರ ಓಡಿ ಬರುತ್ತಿದ್ದರು. ನಾನು ಕನ್ನಡಕ ಒರೆಸಿ, ತಂತಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿ, “ಯಾರಿಗೋ ಹುಷಾರಿಲ್ಲ” ಎನ್ನುತ್ತಿದ್ದೆ. ತಂತಿ ಬಂದಿದೆ ಎಂದ ಮೇಲೆ ಯಾರಿಗೋ ಹುಷಾರಿಲ್ಲ ಎಂದೇ ಅಲ್ಲವೇ? ಹೆಚ್ಚಿನ ಸಲ ಸರಿಯಾಗುತ್ತಿತ್ತು. ಒಂದು ಸಲ ಮಾತ್ರ ಆ ಮನೆಯ ಮಗಳಿಗೆ ಗಂಡು ಮಗು ಹುಟ್ಟಿತ್ತು. ಅವರು ಅಳುತ್ತ ಹೋಗಿ ನಗುತ್ತ ಬಂದರು. ಬೈಯಲಿಲ್ಲ.

ಹೀಗೆ ನನ್ನ ಇಂಗ್ಲಿಷ್ ಸುಖವಾಗಿ ನಡೆದುಕೊಂಡು ಹೋಗುತ್ತಿರುವಾಗ, ಒಂದು ಬೆಳಿಗ್ಗೆ ತ್ಯಾಗಲಿಯಿಂದ ನನ್ನ ಮಾವ ಬಂದರು. ಮಾವ ಅಂದರೆ ನನ್ನ ಹೆಂಡತಿ ಗೌರಿಯ ಅಪ್ಪ, ಸುಬ್ರಾಯ ಹೆಗಡೆಯವರು. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ.

“ಮಾಸ್ತ್ರೇ, ಮಂಗನ ಕಾಟ ತಡ್ಕಂಬಲೆ ಆಗ್ತಿಲ್ಲೆ,” ಎಂದು ಜಗುಲಿಯಲ್ಲಿ ಕೂತರು. “ಬಾಳೆಗೊನೆ ಒಂದನ್ನೂ ಬಿಡ್ತಿಲ್ಲೆ. ಕಲ್ಲು ಹೊಡದ್ರೆ ತಿರುಗಿ ನಮ್ಗೇ ಹೊಡಿತು! ಎನಗೊಂದು ಕೋವಿ ಬೇಕು. ಪ್ರಾಂತ ಸಾಹೇಬಂಗೆ ಇಂಗ್ಲಿಷಲ್ಲಿ ಒಂದು ಅರ್ಜಿ ಬರ್ದು ಕೊಡಿ.”

ಪ್ರಾಂತ ಸಾಹೇಬರು ಎಂದರೆ ಶಿರಸಿಯಲ್ಲಿ ಕೂತ ಅಸಿಸ್ಟಂಟ್ ಕಲೆಕ್ಟರು. ಬಿಳಿಯ. ಕೋವಿಯ ಪರವಾನಗಿ ಅವರ ಕೈಯಲ್ಲಿತ್ತು. ಕಾಲವೂ ಸುಮಾರಾದದ್ದಲ್ಲ. ಕರ ಕೊಡುವುದಿಲ್ಲವೆಂದು ಊರೂರೇ ಪಟ್ಟುಹಿಡಿದು ಕೂತಿತ್ತು. ಬಿಳಿ ಟೊಪ್ಪಿ ಹಾಕಿದವನನ್ನು ಪೊಲೀಸರು ಎರಡು ಸಲ ತಿರುಗಿ ನೋಡುತ್ತಿದ್ದರು. ಇದ್ದವರ ಕೋವಿಯನ್ನೇ ಕಚೇರಿಗೆ ತಂದಿಡಿ ಎನ್ನುತ್ತಿರುವಾಗ ಹೊಸ ಕೋವಿ ಕೇಳುವುದೆಂದರೆ ಅರ್ಜಿ ಅಂಥಿಂಥದ್ದಾಗಿದ್ದರೆ ಸಾಲದು.

“ಅದಕ್ಕೆಂತ ಮಾವಯ್ಯ? ನಾಳೆ ಬರೀತೆ,” ಎಂದೆ.

ನಮ್ಮ ಕಡೆ ಅರ್ಜಿ ಬರೆಯುವುದಕ್ಕೆ ಒಂದು ಪದ್ಧತಿ ಇದೆ. ಫಲ ಕೊಟ್ಟ ಹಳೆಯ ಅರ್ಜಿಯೊಂದನ್ನು ಬೀಜದ ಭತ್ತದ ಹಾಗೆ ಕೇಳಿ ತರುವುದು, ಹೆಸರು ಬದಲಿಸಿ ಹಾಗೆಯೇ ಬಿತ್ತುವುದು. ಎಕ್ಕಂಬಿಯ ವೆಂಕಣ್ಣನಿಗೆ ಹಿಂದಿನ ವರ್ಷ ಕೋವಿ ಸಿಕ್ಕಿತ್ತು. ಅವನ ಕಾಗದದ ಕಟ್ಟನ್ನೇ ತರಿಸಿದೆ. ಅದರಲ್ಲಿ ಅರ್ಜಿಯ ಜೊತೆಗೆ ಪೊಲೀಸ್ ಫೌಜದಾರರ ರಿಪೋರ್ಟಿನ ನಕಲೂ ಇತ್ತು. ಅದರಲ್ಲಿ ಒಂದು ಸಾಲು: “ದಿ ಅಪ್ಲಿಕಂಟ್ ಈಸ್ ಇನ್ ನೋ ವೇ ಇನಿಮಿಕಲ್ ಟು ಗವರ್ನಮೆಂಟ್.”

ಈ ಸಾಲಿನ ಕೆಳಗೇ ಸಾಹೇಬರ ಸಹಿ, ಮಂಜೂರು! ಅಂದ ಮೇಲೆ ಕೋವಿ ಹುಟ್ಟಿದ್ದು ಈ ಸಾಲಿನಿಂದಲೇ.

ಅರ್ಜಿದಾರ, ಗೊತ್ತು. ಗವರ್ನಮೆಂಟ್, ಗೊತ್ತು. ಇನ್ ನೋ ವೇ ಎಂದರೆ ಯಾವ ರೀತಿಯಿಂದಲೂ ಇಲ್ಲ, ಅದೂ ಗೊತ್ತು. ಗೊತ್ತಿಲ್ಲದ್ದು ನಡುವೆ ಕೂತಿದ್ದ ಇನಿಮಿಕಲ್ ಒಂದೇ. ಮೂರನೇ ಇಯತ್ತೆಯಲ್ಲಿ ಅದು ನಮಗೆ ಭೇಟಿಯಾಗಿರಲಿಲ್ಲ. ಹಾಗೆಂದು ಹೆದರುವವನೇ ನಾನು? ವಿಚಾರ ಮಾಡಿದೆ. ವೆಂಕಣ್ಣನಲ್ಲಿ ಏನೋ ಒಂದು ಇಲ್ಲವೆಂದು ಫೌಜದಾರರು ಬರೆದಿದ್ದಾರೆ. ವೆಂಕಣ್ಣನಲ್ಲಿ ಇಲ್ಲದ್ದು ಏನೆಂದು ಊರಿಗೇ ಗೊತ್ತು! ಬಂದವರಿಗೆ ಬೆಲ್ಲ ತೋರಿಸಿ ಬರಿ ನೀರು ಕೊಡುವ ಆಸಾಮಿ. ಪ್ರೀತಿ ಇಲ್ಲ, ವಿಶ್ವಾಸ ಇಲ್ಲ, ಭಕ್ತಿ ಇಲ್ಲ. ಸರ್ಕಾರದ ಸಂಬಂಧದಲ್ಲಿ ಹೇಳಿದ್ದರಿಂದ ಅದು ರಾಜನಿಷ್ಠೆಯೇ ಆಗಿರಬೇಕು. ಆಯಿತು! ಎಳ್ಳಷ್ಟೂ ನಿಷ್ಠೆ ಇಲ್ಲದ ವೆಂಕಣ್ಣನಿಗೇ ಒಂಟಿ ನಳಿಗೆಯ ಕೋವಿ ಸಿಕ್ಕಿದೆ. ನಿಷ್ಠೆ ತುಂಬಿ ತುಳುಕುವ ನನ್ನ ಮಾವನಿಗೆ ಜೋಡುನಳಿಗೆ ಸಿಗಬೇಡವೇ?

‘ಇನ್ ನೋ ವೇ’ ಹೊಡೆದು ಹಾಕಿದೆ. ‘ಇನ್ ಎವೆರಿ ವೇ’ ಎಂದು ಬರೆದೆ. ಎಲ್ಲ ರೀತಿಯಿಂದಲೂ!

ಗೌರಿ ಒಲೆಯ ಹತ್ತಿರದಿಂದ ಕೇಳಿದಳು, “ಆ ಶಬ್ದಕ್ಕೆ ಅರ್ಥ ಎಂತ?”

“ನಿಷ್ಠೆ.”

“ಯಾರು ಹೇಳಿದ್ದು?”

“ಆನು ಹೇಳ್ತಾ ಇದ್ದೆ ಅಲ್ದಾ?”

“ಅದಕ್ಕೇ ಕೇಳಿದ್ದು,” ಎಂದು ಅವಳು ದೋಸೆ ತಿರುವಿ ಹಾಕಿದಳು.

ಮಾವ ಬಂದು ಕೂತರು. ಅರ್ಜಿಯನ್ನು ಏರುದನಿಯಲ್ಲಿ ಓದಿ, ಅರ್ಥವನ್ನೂ ಹೇಳಿದೆ. ಇನಿಮಿಕಲ್ ಎಂಬ ಶಬ್ದ ಅವರಿಗೆ ಬಹಳ ಹಿಡಿಸಿತು. ಬಾಯಲ್ಲಿ ಹಾಕಿಕೊಂಡು ರುಚಿ ನೋಡಿದರು.

“ಇನಿಮಿಕಲ್ಲು! ಒಳ್ಳೆ ಗಟ್ಟಿ ಶಬ್ದ. ಒಂದೇ ಸಲ ಹಾಕಿದ್ರಾ? ಇನ್ನೊಂದು ಸಲ ಹಾಕಿ. ಎನ್ನ ಅಪ್ಪಯ್ಯನೂ ಹಂಗೇ ಇದ್ದಿದ್ದ, ಅದನ್ನೂ ಬರೀರಿ.”

ಬರೆದೆ. ನನ್ನ ತಂದೆಯೂ ಇನಿಮಿಕಲ್ ಆಗಿದ್ದರು, ನನ್ನ ಮಕ್ಕಳನ್ನೂ ಇನಿಮಿಕಲ್ ಆಗಿಯೇ ಬೆಳೆಸಿದ್ದೇನೆ. ಆದ್ದರಿಂದ ಜೋಡುನಳಿಗೆಯ ಒಂದು ಕೋವಿಯನ್ನೂ ಅದಕ್ಕೆ ಹಾಕುವ ನೂರು ತೋಟೆಗಳನ್ನೂ ದಯಪಾಲಿಸಬೇಕು. ಮಾವ ಕೆಳಗೆ ಕನ್ನಡದಲ್ಲಿ ದೊಡ್ಡದಾಗಿ ಸಹಿ ಮಾಡಿದರು. ಅರ್ಜಿ ಬರೆದವರ ಹೆಸರು ಎಂಬಲ್ಲಿ ನಾನು ನನ್ನ ಹೆಸರನ್ನು ಸೊಟ್ಟ ಅಕ್ಷರದ ಇಂಗ್ಲಿಷಿನಲ್ಲಿ, ಕೆಳಗೊಂದು ಬಾಲ ಎಳೆದು ಬರೆದೆ. ಟಪಾಲಿಗೆ ಹಾಕಿಯೂ ಬಂದೆ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಎಂಟು ದಿನವಾದರೂ ಸುಖದಲ್ಲಿ ಇರುತ್ತಿದ್ದೆ. ಆದರೆ ಹೊಸ ಶಬ್ದ ಸಿಕ್ಕಿದವನ ಬಾಯಿ ಸುಮ್ಮನಿರುತ್ತದೆಯೇ? ನಾಲ್ಕನೇ ದಿನ ವಕೀಲರ ಮನೆಗೆ ಹೋದೆ. ಹಾವೇರಿ ಕಡೆಯಿಂದ ಬಂದು ನೆಲೆಸಿದ ವಕೀಲರು, ನನಗೆ ಪೇಪರು ಓದಲು ಕೊಡುತ್ತಿದ್ದ ಉಪಕಾರಿ. ಪೇಪರು ಮರಳಿಸಿ, ಕೈ ಜೋಡಿಸಿ, ಇಂಗ್ಲಿಷಿನಲ್ಲಿಯೇ ಹೇಳಿಬಿಟ್ಟೆ: “ಸರ್, ಐ ಆಮ್ ವೆರಿ ಇನಿಮಿಕಲ್ ಟು ಯು.”

ವಕೀಲರು ಬಾಯಿಗೆ ಹಾಕಿಕೊಳ್ಳುತ್ತಿದ್ದ ಎಲೆಯನ್ನು ಅರ್ಧಕ್ಕೇ ನಿಲ್ಲಿಸಿದರು.

“ಅಲ್ರೀ ಮಾಸ್ತರ, ನಾ ನಿಮಗ ಏನ್ ಕೆಟ್ಟದ್ದು ಮಾಡೀನ್ರಿ?”

“ಕೆಟ್ಟದ್ದೇ? ಉಪಕಾರ ಮಾಡಿದ್ದೀರಿ! ಅದಕ್ಕೇ ಹೇಳಿದೆ.”

“ಉಪಕಾರ ಮಾಡಿದಾಂವ್ಗ ‘ನಾ ನಿನ್ನ ವೈರಿ ಅದೀನಿ’ ಅಂತ ಮಾರಿ ಮುಂದ ನಿಂತು ಹೇಳೂದೇನ್ರಿ? ಕೂಡ್ರಿಲ್ಲೆ.”

ನಾನು ಕೂತೆ. ವಕೀಲರು ದಪ್ಪ ಡಿಕ್ಷನರಿ ಇಳಿಸಿ, ಬೆರಳಿಟ್ಟು ತೋರಿಸಿದರು.

“ನೋಡ್ರಿ. ಇನಿಮಿಕಲ್ ಅಂದ್ರ ಹಗೆತನ ಇರೋದು. ಮನುಷ್ಯಾಗ ಹೇಳಿದ್ರ ವೈರಿ. ವಸ್ತುಕ್ಕ ಹೇಳಿದ್ರ ಹಾನಿ ಮಾಡೂದು. ಈಗ, ತಂಬಾಕ ನನ್ನ ಹಲ್ಲಿಗೆ ಇನಿಮಿಕಲ್. ನಿಮ್ಮೂರ ಮಳಿ ನನ್ನ ಮೊಣಕಾಲಿಗೆ ಇನಿಮಿಕಲ್. ತಿಳೀತಿಲ್ಲೋ? ಎಲ್ಲೀದು ಹಿಡ್ಕೊಂಡ್ ಬಂದ್ರಿ ಈ ಶಬ್ದ?”

“ಎಲ್ಲೋ... ಓದಿದ್ದೆ.”

“ಎಲ್ಲೂ ಬರದಿಲ್ಲಲ್ಲ? ಈ ದಿನಮಾನದಾಗ ಹುಷಾರ್ರಿ. ಸರ್ಕಾರದ ಹೆಸರಿನ ಬಾಜೂಕ ಈ ಶಬ್ದ ಬಿತ್ತಂದ್ರ ಸೀದಾ ಒಳಗ.”

ನಾನು ನಗಲು ಪ್ರಯತ್ನಿಸಿದೆ. ಹೊರಗೆ ಬಂದದ್ದು ಬಿಕ್ಕಳಿಕೆ.

ಅಲ್ಲಿಂದ ಮನೆಗೆ ಹೇಗೆ ಬಂದೆನೋ ತಿಳಿಯದು. ಒಂದು ಚಪ್ಪಲಿ ನನ್ನದು, ಒಂದು ವಕೀಲರದು. ಗೌರಿ ನನ್ನ ಮುಖ ನೋಡಿ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು.

“ಎಂತ ಆತು? ಮುಖ ಎಂತಕ್ಕೆ ಹಂಗಾಜು?”

ಹೇಳಿದೆ. ಅವಳು, “ಹಂಗಾರೆ ಆ ಅರ್ಜಿಲಿ ಅಪ್ಪಯ್ಯ ಎಂತ ಹೇಳ್ದಾಂಗಾತು? ಸರಿಯಾಗಿ ಅರ್ಥ ಹೇಳಿ ನೋಡ್ವ,” ಎಂದಳು.

ಅಂದು ಮೊದಲ ಬಾರಿಗೆ ಆ ಅರ್ಜಿಯ ನಿಜವಾದ ಅರ್ಥವನ್ನು ಬಾಯಿ ಬಿಟ್ಟು ಹೇಳಿದೆ. “ಮಹಾಪ್ರಭುಗಳೇ, ನಾನು ಎಲ್ಲ ರೀತಿಯಿಂದಲೂ ಈ ಸರ್ಕಾರದ ವೈರಿಯಾಗಿದ್ದೇನೆ. ನನ್ನ ತಂದೆಯೂ ವೈರಿಯಾಗಿದ್ದರು. ನನ್ನ ಮಕ್ಕಳನ್ನೂ ವೈರಿಗಳಾಗಿಯೇ ಬೆಳೆಸಿದ್ದೇನೆ. ಆದ್ದರಿಂದ ದಯವಿಟ್ಟು ಜೋಡುನಳಿಗೆಯ ಒಂದು ಕೋವಿಯನ್ನೂ ನೂರು ತೋಟೆಗಳನ್ನೂ ಕೊಡಬೇಕು.”

“ಅಯ್ಯೋ ದೇವ್ರೇ! ಮಕ್ಕಳು ಅಂದ್ರೆ ಆನೂ ಬಂದೆ!” ಎಂದು ಗೌರಿ ಕೂತುಬಿಟ್ಟಳು. “ಅಪ್ಪಯ್ಯಂಗೆ ಜೈಲಾಗ್ತಾ?”

“ಬರೆದವಂಗೂ ಆಗ್ತು,” ಎಂದೆ. ಹೇಳುವಾಗ ಸಹಿಯ ಕೆಳಗೆ ನಾನೆಳೆದ ಬಾಲ ಕಣ್ಣ ಮುಂದೆ ಬಂತು.

“ನಿಂಗ ಹೋದ್ರೆ ಹೋಗಿ, ಇಂಗ್ಲಿಷ್ ಗೊತ್ತಿದ್ದವು. ಎನ್ನ ಅಪ್ಪಯ್ಯ ಎಂತ ಮಾಡಿದ್ದ? ಮೊದ್ಲು ಹೋಗಿ ಅಪ್ಪಯ್ಯಂಗೆ ಹೇಳಿ.”

ಮಾವನಿಗೆ ಹೇಳುವುದೇ? ಸಾಹೇಬರ ಕೈಯಲ್ಲಿ ಇರುವುದು ಬರಿ ಕಾಯಿದೆ. ಮಾವನ ಕೈಯಲ್ಲಿ ಇರುವುದು ಕವಳಕ್ಕೆ ಅಡಿಕೆ ಕತ್ತರಿಸುವ ಕತ್ತಿ. ಹೇಳಲಿಲ್ಲ. ಬದಲಿಗೆ ತಪ್ಪನ್ನು ನಾನೇ ತಿದ್ದಿಬಿಡುತ್ತೇನೆಂದು ತೀರ್ಮಾನಿಸಿದೆ. ಯಾವುದರಿಂದ? ಇಂಗ್ಲಿಷಿನಿಂದ!

ಟಪಾಲು ಕಚೇರಿಗೆ ಓಡಿದೆ. ಸಾಹೇಬರಿಗೆ ತಂತಿ ಕಳಿಸಿದೆ. ಭಯದಲ್ಲಿ ಬರೆದದ್ದು, ಆದರೂ ಸ್ಪಷ್ಟವಾಗಿ ಬರೆದೆ. ಸುಬ್ರಾಯ ಹೆಗಡೆಯವರ ಕೋವಿ ಮಂಗಗಳಿಗೆ ಮಾತ್ರ, ಸರ್ಕಾರ ಹೆದರುವ ಕಾರಣವಿಲ್ಲ.

ತಂತಿ ಬಾಬು ಅದನ್ನು ಓದಿ ನನ್ನ ಮುಖ ನೋಡಿದ. ಮತ್ತೆ ಓದಿದ. “ಮಾಸ್ತರೇ, ಇದು ಕಳಿಸಲೇಬೇಕಾ?” ಎಂದ. “ಬೇಗ!” ಎಂದೆ. ಮನೆಗೆ ಬಂದು ಗೌರಿಗೆ ಹೇಳಿದೆ.

ಅವಳು ಹಣೆ ಹಿಡಿದುಕೊಂಡಳು. “ಸರ್ಕಾರ ಹೆದ್ರದು ಬೇಡ ಹೇಳಿ ಬರದ್ರಾ? ಅಲ್ದಾ, ಹೆದ್ರಡಿ ಹೇಳಿ ಹೇಳದು ಯಾರು? ಹೆದ್ರಸಲೆ ಬಂದವು!”

ಇಂಗ್ಲಿಷ್ ಒಂದಕ್ಷರ ಬಾರದ ಹೆಂಗಸಿಗೆ ಅಷ್ಟು ತಕ್ಷಣ ಹೊಳೆದದ್ದು ನನಗೆ ಯಾಕೆ ಹೊಳೆಯಲಿಲ್ಲವೋ!

ಮುಂದಿನ ಆರು ದಿನ ನಾನು ಬದುಕಿದ್ದು ಬದುಕೇ ಅಲ್ಲ. ಶಾಲೆಯಲ್ಲಿ ಹಾಜರಿ ಕರೆಯುವಾಗ ಮಕ್ಕಳು “ಹಾಜರ್” ಎಂದರೆ ನಾನೇ ಕೋರ್ಟಿನಲ್ಲಿ ನಿಂತ ಹಾಗೆ ಬೆವರುತ್ತಿದ್ದೆ. ಖಾಕಿ ಬಟ್ಟೆ ಕಂಡರೆ ಸಾಕು, ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದೆ. ಐದನೇ ದಿನ ಪೊಲೀಸನೊಬ್ಬ ನಮ್ಮ ಬೀದಿಗೆ ಬಂದ. ನನ್ನ ಮನೆಯ ಮುಂದೆಯೇ ನಿಂತ. ಬಗ್ಗಿದ. ಕಾಲಿಗೆ ಚುಚ್ಚಿದ ಮುಳ್ಳು ತೆಗೆದುಕೊಂಡು ಹೋದ. ಅಷ್ಟರಲ್ಲಿ ನಾನು ಮನಸ್ಸಿನಲ್ಲಿಯೇ ಮೂರು ವರ್ಷದ ಶಿಕ್ಷೆ ಅನುಭವಿಸಿ ಬಿಡುಗಡೆಯಾಗಿದ್ದೆ.

ಆರನೇ ದಿನ ಬಾಗಿಲಲ್ಲಿ ಮತ್ತೆ ಖಾಕಿ! ಅಟ್ಟ ಹತ್ತಿ ಉಪ್ಪಿನಕಾಯಿ ಭರಣಿಯ ಹಿಂದೆ ಕೂತೆ. ಕೆಳಗೆ ಗೌರಿ ಯಾರೊಡನೆಯೋ ಮಾತಾಡುವುದು ಕೇಳಿಸಿತು. ಆಮೇಲೆ ಏಣಿಯ ಬುಡಕ್ಕೆ ಬಂದು, “ಇಳೀರಿ. ಟಪಾಲಿನವ,” ಎಂದಳು.

ಹೋದ ಜೀವ ಬಂತು. ಇಳಿದು ಲಕೋಟೆ ಒಡೆದೆ. ಬಂದ ಜೀವ ಮತ್ತೆ ಹೋಯಿತು. ಶಿರಸಿಯ ಪ್ರಾಂತ ಕಚೇರಿಯಿಂದ ಬಂದದ್ದು. ಅರ್ಜಿದಾರ ಸುಬ್ರಾಯ ಹೆಗಡೆ ಮತ್ತು ಅರ್ಜಿ ಬರೆದವರು ಇಬ್ಬರೂ ಸೋಮವಾರ ಖುದ್ದಾಗಿ ಹಾಜರಾಗತಕ್ಕದ್ದು.

ಮಾವನಿಗೂ ಅಂಥದ್ದೇ ಒಂದು ಹೋಗಿತ್ತು. ಸೋಮವಾರ ಬೆಳಿಗ್ಗೆ ಅವರು ಬಂದ ವೇಷ ನೋಡಬೇಕಿತ್ತು! ಜರಿ ರುಮಾಲು, ಕರಿ ಕೋಟು, ಹೆಗಲಿಗೆ ಶಾಲು. ಕೈಯಲ್ಲಿ ಸಾಹೇಬರಿಗೆಂದು ಜೇನುತುಪ್ಪದ ಶೀಸೆ.

“ಕೋವಿ ಮಂಜೂರಾಜು ಮಾಸ್ತ್ರೇ! ಇಲ್ದಿದ್ರೆ ಖುದ್ದು ಬನ್ನಿ ಹೇಳಿ ಕರೀತಿದ್ವಾ? ಎಲ್ಲಾ ನಿಂಗಳ ಇಂಗ್ಲಿಷಿನ ಪ್ರತಾಪ!”

ಗೌರಿ ಬಾಗಿಲ ಮರೆಯಿಂದ, ‘ಈಗಲಾದರೂ ಹೇಳಿ’ ಎಂದು ಕಣ್ಣು ಬಿಟ್ಟಳು. ನಾನು ಬಾಯಿ ತೆರೆದೆ. “ಜೇನುತುಪ್ಪ ಒಳ್ಳೇದಿದ್ದು,” ಎಂದೆ. ಅಷ್ಟೇ ಬಂದದ್ದು.

ಖಾದರ್ ಸಾಬರ ಬಸ್ಸು ಹತ್ತಿದೆವು. ಶಿರಸಿಗೆ ದಾರಿಯುದ್ದಕ್ಕೂ ಮಾವ ಇನಿಮಿಕಲ್ ಎಂಬುದನ್ನು ಬಾಯಿಪಾಠ ಮಾಡುತ್ತಿದ್ದರು. ಬಸ್ಸು ಕುಣಿದಾಗಲೆಲ್ಲ ಶಬ್ದವೂ ಕುಣಿಯುತ್ತಿತ್ತು.

“ಇನಿ... ಮಿಕಲ್ಲು. ಸರಿ ಇದ್ದಾ? ಸಾಹೇಬನ ಎದ್ರಿಗೆ ಆನೇ ಬಾಯಾರೆ ಹೇಳ್ತೆ. ಖುಷಿ ಪಡ್ತ ಅಂವ.”

“ಬೇಡ ಮಾವಯ್ಯ! ದೊಡ್ಡವರ ಎದುರು ಸುಮ್ಮನೆ ಇರೋದೇ ಮರ್ಯಾದೆ.”

“ಎಂತಕ್ಕೆ ಸುಮ್ನಿರದು? ಖಾದರ್ ಸಾಬ್ರೇ, ಕೇಳಿದ್ರಾ? ಆನು ಇನಿಮಿಕಲ್ಲು!”

ಖಾದರ್ ಸಾಬರು ಗಾಡಿ ತಿರುಗಿಸುತ್ತ ಹೇಳಿದರು, “ಔಷಧ ತಗೊಳ್ಳಿ ಹೆಗಡೇರೆ. ಪ್ರಾಯ ಆದಾಗ ಬರ್ತದೆ, ಹೋಗ್ತದೆ.”

ಬಸ್ಸಿನವರೆಲ್ಲ ನಕ್ಕರು. ನಾನೊಬ್ಬ ಮಾತ್ರ ಕಿಟಕಿಯಿಂದ ಹೊರಗೆ ಹಾರಿದರೆ ಎಷ್ಟು ಎಲುಬು ಮುರಿದೀತು ಎಂದು ಲೆಕ್ಕ ಹಾಕುತ್ತಿದ್ದೆ. ಎರಡು ಮುರಿದರೂ ಅಡ್ಡಿಯಿರಲಿಲ್ಲ. ಆದರೆ ಮಾವ ನನ್ನ ಕೈ ಹಿಡಿದುಕೊಂಡಿದ್ದರು, ಪ್ರೀತಿಯಿಂದ.

ಪ್ರಾಂತ ಕಚೇರಿ. ಬಾಗಿಲು ಕಾಯುವ ಪಟ್ಟೇವಾಲ ನಮ್ಮ ಹೆಸರು ಕೂಗಿದ. ಒಳಗೆ ದೊಡ್ಡ ಮೇಜು, ಅದರ ಹಿಂದೆ ಕೆಂಪು ಮುಖದ ಎಳೆಯ ಸಾಹೇಬರು. ಬಲಗಡೆ ಕಚೇರಿಯ ಕಾಗದಪತ್ರ ನೋಡುವ ಚಿಟ್ನೀಸರು ನಿಂತಿದ್ದರು, ಎಡಗಡೆ ಫೌಜದಾರರು. ಮೇಜಿನ ಮೇಲೆ ನನ್ನ ಅರ್ಜಿ, ಅದರ ಮೇಲೆ ನನ್ನ ತಂತಿ. ಅರ್ಜಿಯಲ್ಲಿ ಮೂರು ಕಡೆ ಕೆಂಪು ಪೆನ್ಸಿಲಿನ ಗೆರೆ. ಆ ಗೆರೆ ಎಲ್ಲೆಲ್ಲಿ ಎಂದು ನಾನು ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ.

ನನ್ನ ಎಣಿಕೆ ಒಂದೇ ಇತ್ತು. ಸಾಹೇಬರು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಮಾವನಿಗೆ ಏನೂ ತಿಳಿಯುವುದಿಲ್ಲ. ನಾನು ನಡುವೆ ನಿಂತು ಏನಾದರೂ ಹೇಳಿ ಕಾಲು ಹಿಡಿದು ಇಬ್ಬರನ್ನೂ ಉಳಿಸಿಕೊಳ್ಳುತ್ತೇನೆ.

ಸಾಹೇಬರು ಬಾಯಿ ತೆರೆದರು.

“ಬನ್ನಿರಿ, ಹೆಗಡೆಯವರೇ. ಕುಳಿತುಕೊಳ್ಳಿರಿ.”

ಕನ್ನಡ! ಪುಸ್ತಕದಿಂದ ಈಗ ತಾನೇ ಇಳಿಸಿ ಒರೆಸಿಟ್ಟಂಥ, ಒಂದಕ್ಷರ ನುಂಗದ ಕನ್ನಡ! ನನ್ನ ಕೊನೆಯ ಆಸೆ ಅಲ್ಲಿಗೆ ಮುಗಿಯಿತು.

ಮಾವ ಹಿಗ್ಗಿಹೋದರು. ಜೇನಿನ ಶೀಸೆ ಮೇಜಿನ ಮೇಲಿಟ್ಟು, ನಾನು ಶಾಲು ಹಿಡಿದೆಳೆಯುವುದರೊಳಗೆ ಎದೆ ಸೆಟೆಸಿ ನಿಂತು, ಗೋಡೆ ಅದುರುವ ಹಾಗೆ ಸಾರಿದರು: “ಸಾಹೇಬ್ರೇ, ಆನು ಇನಿಮಿಕಲ್ಲು!”

ಫೌಜದಾರರ ಕೈ ಸೊಂಟದ ಪಟ್ಟಿಗೆ ಹೋಯಿತು. ಚಿಟ್ನೀಸರು ಒಂದು ಹೆಜ್ಜೆ ಹಿಂದೆ ಸರಿದರು.

ಸಾಹೇಬರು ಮಾತ್ರ ಅಲ್ಲಾಡಲಿಲ್ಲ. “ಅಂದರೆ ತಾವು ಸರ್ಕಾರದ ವೈರಿಗಳೋ?”

“ವೈರಿಯಾ? ಶಿವ ಶಿವಾ! ಯಾರು ಹೇಳಿದ್ದು?”

“ತಾವೇ. ಈಗ ಹೇಳಿದಿರಿ. ಇಲ್ಲಿ ಬರೆದೂ ಇದ್ದೀರಿ. ತಮ್ಮ ತೀರ್ಥರೂಪರೂ ವೈರಿಗಳು, ಮಕ್ಕಳೂ ವೈರಿಗಳು. ಆದಕಾರಣ ನೂರು ತೋಟೆ ಬೇಕು ಎಂದಿದ್ದೀರಿ.”

ಮಾವನ ಕುತ್ತಿಗೆ ಬಹಳ ನಿಧಾನವಾಗಿ ನನ್ನ ಕಡೆಗೆ ತಿರುಗಿತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಕೊಂದದ್ದು. ಅರವತ್ತು ದಾಟಿದ, ಯಾರ ಹಂಗಿಗೂ ಬೀಳದ ಆ ಗಂಡಾಳು ಜರಿ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಮಾಸ್ತ್ರೇ,” ಎಂದರು, ಅವರಿಗೆ ಅಷ್ಟು ಸಣ್ಣ ದನಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ, “ಎನ್ನ ಜೈಲಿಗೆ ಹಾಕ್ತಾ?”

ನಾನು ಎರಡು ಹೆಜ್ಜೆ ಮುಂದೆ ಹೋದೆ. ಹೋದದ್ದು ಧೈರ್ಯದಿಂದಲ್ಲ, ಅಷ್ಟರಲ್ಲಿ ಫೌಜದಾರರು ನನ್ನ ಹಿಂದೆ ಬಂದು ನಿಂತಿದ್ದರು.

“ಸ್ವಾಮಿ, ಇವರಿಗೆ ಏನೂ ಗೊತ್ತಿಲ್ಲ. ಬರೆದವನು ನಾನು. ಒಬ್ಬರ ರಿಪೋರ್ಟಿನಿಂದ ಆ ಶಬ್ದ ತೆಗೆದೆ. ನಿಷ್ಠೆ ಎಂದು ತಿಳಿದೆ. ಅವರಿಗೆ ಇಲ್ಲ ಎಂದು ಬರೆದಿತ್ತು, ಇವರಿಗೆ ಎಲ್ಲ ರೀತಿಯಿಂದ ಇರಲಿ ಎಂದು ಹಾಕಿದೆ. ಮೂರು ಸಲ ಹಾಕಿದೆ.”

ಸಾಹೇಬರು ಕೆಂಪು ಗೆರೆಗಳನ್ನು ನೋಡಿದರು. ಚಿಟ್ನೀಸರು ಕೆಮ್ಮಿದರು. ಆ ಕೆಮ್ಮಿನೊಳಗೆ ನಗೆ ಇತ್ತು.

“ಅರ್ಥ ತಿಳಿಯದಿದ್ದರೆ ಕನ್ನಡದಲ್ಲಿಯೇ ಬರೆಯಬಹುದಾಗಿತ್ತಲ್ಲ? ಇಲ್ಲಿಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಕನ್ನಡದಲ್ಲಿಯೇ ಇವೆ.”

ನಾನು ಮೇಜಿನ ಮೇಲಿದ್ದ ನನ್ನ ಸಹಿಯ ಬಾಲವನ್ನು ನೋಡುತ್ತ ನಿಂತೆ.

“ಈ ಕಾಗದ ದಫ್ತರಿನಲ್ಲಿ ಹೀಗೆಯೇ ಉಳಿದರೆ,” ಎಂದರು ಸಾಹೇಬರು, “ನನ್ನ ನಂತರ ಬರುವವರು ಇದನ್ನು ಓದಿ ಹೆಗಡೆಯವರನ್ನು ಹಿಡಿಸಿಯಾರು. ಆದುದರಿಂದ ಇದಕ್ಕೆ ಒಂದು ಜಬಾನಿ, ಅಂದರೆ ಹೇಳಿಕೆ, ಲಗತ್ತಿಸಬೇಕು. ತಾವೇ ಬರೆಯಿರಿ. ಕನ್ನಡದಲ್ಲಿ.”

“ಏನೆಂದು ಬರೆಯಲಿ ಸ್ವಾಮಿ?”

“ಇದ್ದುದನ್ನು.”

ಚಿಟ್ನೀಸರು ಕಾಗದ, ಮಸಿ, ಟಾಕು ಮುಂದಿಟ್ಟರು. ಪೇಟೆಯಲ್ಲಿ ಇಪ್ಪತ್ತು ವರ್ಷ ಕಟ್ಟಿದ ಹೆಸರು ಆ ಟಾಕಿನ ತುದಿಯಲ್ಲಿ ತೂಗುತ್ತಿತ್ತು. ಮಾವನ ಕಡೆ ನೋಡಿದೆ. ರುಮಾಲು ಇನ್ನೂ ಅವರ ಕೈಯಲ್ಲಿಯೇ ಇತ್ತು. ಬರೆದೆ: ‘ನಾನು ಸಿದ್ದಾಪುರದ ಕನ್ನಡ ಶಾಲೆಯ ಮಾಸ್ತರನು. ನನಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಬರೆದೆನು. ಸುಬ್ರಾಯ ಹೆಗಡೆಯವರು ನಿರಪರಾಧಿಗಳು.’ ಕೆಳಗೆ ಸಹಿ ಮಾಡಿದೆ, ಬಾಲವಿಲ್ಲದೆ.

“ಸಾಕ್ಷಿ ಬೇಕು,” ಎಂದರು ಚಿಟ್ನೀಸರು.

“ಆನು ಹಾಕ್ತೆ!” ಎಂದರು ಮಾವ. ದನಿ ಮೊದಲಿನ ಎತ್ತರಕ್ಕೆ ಬಂದಿತ್ತು. “ತಡೀರಿ, ಈ ಸಲ ಓದಿಯೇ ಸಹಿ ಮಾಡ್ತೆ.”

ಓದಿದರು. ಮನಸ್ಸಿನಲ್ಲಿ ಅಲ್ಲ, ಅಕ್ಷರ ಅಕ್ಷರ ಬಿಡಿಸಿ, ಏರುದನಿಯಲ್ಲಿ. ‘ನನಗೆ ಇಂಗ್ಲಿಷ್ ಬರುವುದಿಲ್ಲ’ ಎಂಬಲ್ಲಿಗೆ ಬಂದಾಗ ತುಸು ನಿಂತು, ಅದನ್ನು ಎರಡನೆಯ ಸಲ ಓದಿದರು. ಬಾಗಿಲಲ್ಲಿ ಕಾಯುತ್ತಿದ್ದ ಹತ್ತಾರು ಜನ ಕತ್ತು ಉದ್ದ ಮಾಡಿ ಕೇಳಿದರು. ಅವರಲ್ಲಿ ನಾಲ್ವರು ಸಿದ್ದಾಪುರದವರು.

ಮಾವ ದೊಡ್ಡದಾಗಿ, ಸಂತೋಷವಾಗಿ ಸಹಿ ಹಾಕಿದರು. ಅವರಿಗೆ ಕೋವಿಯೂ ಮಂಜೂರಾಯಿತು, ಒಂಟಿ ನಳಿಗೆಯದು.

ಸಾಹೇಬರು ನನ್ನ ಜಬಾನಿಯನ್ನು ಹತ್ತಿರ ಹಿಡಿದು ಮೇಲಿಂದ ಕೆಳಗೆ ಓದಿದರು. ಕೆಂಪು ಪೆನ್ಸಿಲು ಕೈಯಲ್ಲಿಯೇ ಇತ್ತು. ಎಲ್ಲಿಯೂ ಗೆರೆ ಎಳೆಯಲಿಲ್ಲ. ಪೆನ್ಸಿಲು ಕೆಳಗಿಟ್ಟು, “ಇದರಲ್ಲಿ ಒಂದೂ ತಪ್ಪಿಲ್ಲ, ಮಾಸ್ತರರೇ,” ಎಂದರು.